ಮನೆಯಲ್ಲೇ ಸರ್ವರ್ ಇಟ್ಟಿದ್ದೀರಿ, ಹೊರಗಿನಿಂದ ತಲುಪಲು ಯಾವ ದಾರಿ?

ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ, ಫೋಟೊಗೆ ಇಮ್ಮಿಚ್, ಫೈಲಿಗೆ ನೆಕ್ಸ್ಟ್‌ಕ್ಲೌಡ್, ಸಿನಿಮಾಕ್ಕೆ ಜೆಲ್ಲಿಫಿನ್ ಕೂರಿಸುವುದು ಈಗ ಒಂದು ಸಂಜೆಯ ಕೆಲಸ. ಮನೆ ವೈಫೈನಲ್ಲಿ ಎಲ್ಲ ಸರಾಗ. ಗೇಟು ದಾಟಿ ಮೊಬೈಲ್ ಡೇಟಾಗೆ ಬಂದ ಕೂಡಲೇ ಏನೂ ತೆರೆಯುವುದಿಲ್ಲ. ಈ ವಿಷಯ ಕೇಳುವವರಲ್ಲಿ ಬಹುಪಾಲು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒಬ್ಬರು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ತಗೊಳ್ಳಿ ಅಂದಿರುತ್ತಾರೆ. ಇನ್ನೊಬ್ಬರು ಕ್ಲೌಡ್‌ಫ್ಲೇರ್ ಕಂಪನಿಯ ಟನಲ್ ಸಾಕು ಅಂದಿರುತ್ತಾರೆ. ಮತ್ತೊಬ್ಬರು ಟೇಲ್‌ಸ್ಕೇಲ್ ಆಪ್ ಬಿಟ್ಟು ಬೇರೇನೂ ಮುಟ್ಟಬೇಡಿ ಅಂದಿರುತ್ತಾರೆ. ಮೂವರ ಮಾತೂ ಅವರವರ ಮನೆಗೆ ಸರಿಯೇ.

ನನ್ನ ಒಲವು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಮನೆಗಳಿಗೆ ಸ್ಟ್ಯಾಟಿಕ್ ಐಪಿ ಬೇಡ, ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆಯುವುದೂ ಬೇಡ. ಬೇಕಾದವರು ಖಂಡಿತ ಇದ್ದಾರೆ. ನೀವು ಅವರಲ್ಲಿ ಒಬ್ಬರೇ ಅನ್ನುವುದನ್ನು ಕೆಳಗಿನ ಪ್ರಶ್ನೆಗಳು ತೀರ್ಮಾನಿಸುತ್ತವೆ.

ಮೊದಲು ಕೇಳಿಕೊಳ್ಳಬೇಕಾದ್ದು

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಅದನ್ನು ತೆರೆಯುವವರು ಯಾರು? ನೀವು ಮತ್ತು ಮನೆಯವರು ಮಾತ್ರವೇ, ಅಥವಾ ಲಿಂಕ್ ಸಿಕ್ಕ ಯಾರಾದರೂ ತೆರೆಯಬೇಕೇ? ಮನೆಯ ಫೋಟೊ, ಸಿಸಿಟಿವಿ, ಪಾಸ್‌ವರ್ಡ್ ಸಂಗ್ರಹ ಇವೆಲ್ಲ ಮೊದಲ ಗುಂಪು. ಬ್ಲಾಗ್, ಊರಿನ ಸಂಘದ ಪುಟ, ಗೆಳೆಯರಿಗೆ ಕಳಿಸುವ ಆಲ್ಬಮ್ ಎರಡನೆಯದು. ಇದಕ್ಕೆ ಉತ್ತರ ಸಿಕ್ಕಿತೆಂದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಎರಡನೆಯದು, ನಿಮ್ಮ ಲೈನ್‌ಗೆ ಸ್ವಂತ ವಿಳಾಸ ಇದೆಯೇ ಎಂಬುದು. ಇಲ್ಲಿ ಸ್ವಲ್ಪ ನಿಲ್ಲೋಣ. ಐಪಿವಿ4 ಎಂಬ ಹಳೆ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಇಡೀ ಜಗತ್ತಿಗೆ ಇರುವುದೇ ಸುಮಾರು 430 ಕೋಟಿ. ಹಂಚಲು ಉಳಿದಿದ್ದ ಕೊನೆಯ ಕಂತು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ನಮ್ಮಲ್ಲಿ ಮನೆಮನೆಗೆ ಫೈಬರ್ ಬಂದಿದ್ದು ಬಹುಪಾಲು ಅದರ ನಂತರ. ಹಾಗಾಗಿ ಇಂಟರ್ನೆಟ್ ಕೊಡುವ ಕಂಪನಿಗಳು ಒಂದೇ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅಂತಾರೆ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಒಳಗಿನವರು ಹೊರಗೆ ಹೋಗಿ ಬರಬಹುದು, ಹೊರಗಿನಿಂದ ಹುಡುಕಿಕೊಂಡು ಬಂದವರಿಗೆ ಮಾತ್ರ ಯಾವ ಮನೆ ಅಂತ ಗೊತ್ತಾಗುವುದಿಲ್ಲ.

ನಿಮ್ಮದು ಹಾಗಿದೆಯೇ ಅಂತ ನೋಡುವುದು ಸುಲಭ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ ಎಂದು ಒಂದು ಸಂಖ್ಯೆ ಇರುತ್ತದೆ. ನನ್ನ ಐಪಿ ಎಷ್ಟು ಅಂತ ಬ್ರೌಸರ್‌ನಲ್ಲಿ ಹುಡುಕಿದರೆ ಇನ್ನೊಂದು ಸಂಖ್ಯೆ ಸಿಗುತ್ತದೆ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ವಿಳಾಸ ಇದೆ. ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾದರೆ ಅದು ಸಿಜಿನ್ಯಾಟ್. ಆ ಸಾಲನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟಿದ್ದಾರೆ. ಕೆಲವು ಕಂಪನಿಗಳು 10ರಿಂದ ಶುರುವಾಗುವ ವಿಳಾಸವನ್ನೇ ಇದಕ್ಕೆ ಬಳಸುತ್ತವೆ. 192.168 ಅಂತ ಕಂಡರೆ ಇನ್ನೂ ಒಂದು ಮೆಟ್ಟಿಲು ಹಿಂದೆ ಹೋಗಿ. ಕಂಪನಿಯ ಡಬ್ಬಿಯ ಹಿಂದೆ ನಿಮ್ಮದೇ ಇನ್ನೊಂದು ರೂಟರ್ ಇರಬೇಕು. ಕಂಪನಿಯ ಡಬ್ಬಿಯ ಪುಟವನ್ನೇ ತೆರೆದು ನೋಡಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಇದನ್ನು ಕೇಳಿದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಅನ್ನುವ ಉತ್ತರ ಬರುವುದೇ ಜಾಸ್ತಿ. ಲೈನ್ ಹಾಕಿಕೊಟ್ಟ ಏರಿಯಾದ ಟೆಕ್ನಿಷಿಯನ್‌ನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ಮೂರನೆಯದು, ನಿಮ್ಮ ಮಾಹಿತಿ ಸಾಗುವ ದಾರಿಯಲ್ಲಿ ಇನ್ಯಾರು ಅದನ್ನು ಬಿಡಿಸಿ ನೋಡಬಹುದು? ದೊಡ್ಡ ಕಂಪನಿಗಳ ಕೈಯಿಂದ ಫೋಟೊ ಬಿಡಿಸಿಕೊಳ್ಳಲೆಂದೇ ಸರ್ವರ್ ಇಟ್ಟವರಿಗೆ ಇದು ಮುಖ್ಯ. ಬ್ಲಾಗ್ ಇಟ್ಟವರಿಗೆ ಇದರ ಚಿಂತೆ ಬೇಡ.

ನಾಲ್ಕನೆಯದು ಅಪ್‌ಲೋಡ್ ವೇಗ. ಹೊರಗಿನವರು ನಿಮ್ಮಿಂದ ಪಡೆಯುವುದೆಲ್ಲ ನಿಮಗೆ ಅಪ್‌ಲೋಡ್. 40 ಎಂಬಿಪಿಎಸ್ ಫೈಬರ್‌ನಲ್ಲಿ ಎರಡೂ ಕಡೆ ಒಂದೇ ವೇಗ ಇದ್ದರೆ ಸೆಕೆಂಡಿಗೆ 5 ಎಂಬಿ ಹೋಗುತ್ತದೆ, ಒಂದು ಜಿಬಿಗೆ ಮೂರೂವರೆ ನಿಮಿಷ ಸಾಕು. ಹಳೆ ಕೇಬಲ್ ಲೈನ್‌ಗಳಲ್ಲಿ ಅಪ್‌ಲೋಡ್ ಬಹಳ ಕಡಿಮೆ. ಅನ್‌ಲಿಮಿಟೆಡ್ ಅಂತ ಬರೆದಿದ್ದರೂ ತಿಂಗಳ ಮಿತಿ ಎಷ್ಟು ಅಂತ ನೋಡಿಕೊಳ್ಳಿ. ಅನೇಕ ಪ್ಲ್ಯಾನ್‌ಗಳಲ್ಲಿ ಅದು 3,300 ಜಿಬಿ. ಫೋಟೊಗೆ ಧಾರಾಳ, ನೆಂಟರಿಗೆಲ್ಲ ಸಿನಿಮಾ ಬಿಟ್ಟರೆ ಸಾಲದೆಯೂ ಹೋಗಬಹುದು.

ಇನ್ನು ದುಡ್ಡು. ದಾರಿಯ ಖರ್ಚನ್ನು ಆಯಾ ಕಡೆ ಹೇಳುತ್ತೇನೆ. ಕರೆಂಟಿನ ಲೆಕ್ಕ ಎಲ್ಲಕ್ಕೂ ಒಂದೇ. 10 ವ್ಯಾಟ್ ಎಳೆಯುವ ರಾಸ್ಪ್‌ಬೆರಿ ಪೈ ಅಥವಾ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಿಂಗಳಿಗೆ ಸುಮಾರು 7 ಯೂನಿಟ್ ತಿನ್ನುತ್ತದೆ. ಹಳೆ ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ 43 ಯೂನಿಟ್. ಗೃಹಜ್ಯೋತಿ ಪಡೆಯುವ ಮನೆಗಳಿಗೆ ಇದು ಸಣ್ಣ ವಿಷಯ ಅಲ್ಲ. ಹಳೆಯ ಸರಾಸರಿಯ ಮೇಲೆ ಸ್ವಲ್ಪವೇ ಜಾಸ್ತಿ ಉಚಿತ. ಅದನ್ನು ಮೀರಿದ ಯೂನಿಟ್‌ಗೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್. ಪುಕ್ಕಟೆ ಸಿಕ್ಕ ಡೆಸ್ಕ್‌ಟಾಪ್ ಹಾಗೆ ದುಬಾರಿಯಾಗುತ್ತದೆ. ಹಳೆ ಲ್ಯಾಪ್‌ಟಾಪ್ ಆದರೆ ಕರೆಂಟೂ ಕಡಿಮೆ, ಬ್ಯಾಟರಿ ಸರಿಯಿದ್ದರೆ ಯುಪಿಎಸ್ ಕೂಡ ಒಳಗೇ ಇದೆ.

ಕೊನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ನೀವು ಊರಲ್ಲಿಲ್ಲದಾಗ ಕರೆಂಟ್ ಹೋಗಿ ಬಂದರೆ ಯಾರು ನೋಡಿಕೊಳ್ಳುತ್ತಾರೆ? ಕರೆಂಟ್ ಬಂದ ಕೂಡಲೇ ತಾನಾಗಿ ಏಳುವಂತೆ ಹೆಚ್ಚಿನ ಡೆಸ್ಕ್‌ಟಾಪ್, ಮಿನಿ ಪಿಸಿಗಳ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಸೆಟ್ಟಿಂಗ್ ಇರುತ್ತದೆ, ಅದನ್ನು ಆನ್ ಮಾಡಿಡಿ. ರೂಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿ. ಇಷ್ಟಾದರೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮರ ಬಿದ್ದು ಫೈಬರ್ ಕಡಿದರೆ ಯಾವ ಉಪಾಯವೂ ನಡೆಯುವುದಿಲ್ಲ. ದಿನವಿಡೀ ಎದ್ದಿರಲೇಬೇಕಾದ್ದು ನಿಮ್ಮ ಪುಟವಾದರೆ ಅದನ್ನು ಮನೆಯಲ್ಲಿ ಇಡಬೇಡಿ.

ಟೇಲ್‌ಸ್ಕೇಲ್: ಮನೆಯವರಿಗೆ ಮಾತ್ರ ಸಾಕು ಅನ್ನುವವರಿಗೆ

ಇದು ವೈರ್‌ಗಾರ್ಡ್ ಎಂಬ ವಿಪಿಎನ್ (ಇಂಟರ್ನೆಟ್ ಮೇಲೆ ಬೀಗ ಹಾಕಿದ ಖಾಸಗಿ ದಾರಿ) ತಂತ್ರದ ಮೇಲೆ ಕಟ್ಟಿದ್ದು. ಸರ್ವರ್‌ನಲ್ಲಿ ಒಮ್ಮೆ, ಪ್ರತಿ ಫೋನ್‌ನಲ್ಲಿ ಒಮ್ಮೆ ಆಪ್ ಹಾಕಿ ಒಂದೇ ಖಾತೆಗೆ ಸೇರಿಸಿದರೆ ಆಯಿತು. ಎಲ್ಲ ಸಾಧನಗಳೂ ಒಂದೇ ಮನೆಯ ವೈಫೈನಲ್ಲಿ ಇರುವಂತೆ ಮಾತಾಡುತ್ತವೆ. ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಹೊರಗಿನವರಿಗೆ ನಿಮ್ಮ ಸರ್ವರ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಮನೆಬಳಕೆಗೆ ಉಚಿತ ಪ್ಲ್ಯಾನ್ ಸಾಕು.

ಎರಡು ಸಾಧನಗಳು ನೇರವಾಗಿ ಸಿಗದಿದ್ದರೆ ಟೇಲ್‌ಸ್ಕೇಲ್‌ನ ರಿಲೇ ಸರ್ವರ್ ಮೂಲಕ ಹೋಗುತ್ತವೆ. ಅಂಥ ಒಂದು ರಿಲೇ ಬೆಂಗಳೂರಿನಲ್ಲೇ ಇದೆ. ಹಾಗೆ ಹೋಗುವಾಗ ವೇಗ ಇಳಿಯುತ್ತದೆ, ಆದರೆ ರಿಲೇಗೆ ಕಾಣುವುದು ಬೀಗ ಹಾಕಿದ ಮಾಹಿತಿ ಮಾತ್ರ. ಮೂರನೆಯ ಪ್ರಶ್ನೆಗೆ ಇದು ಒಳ್ಳೆಯ ಅಂಕ ಪಡೆಯುತ್ತದೆ. ಯಾವ ಸಾಧನ ಯಾರದು ಅನ್ನುವ ಪಟ್ಟಿ ಮಾತ್ರ ಅವರ ಬಳಿ ಇರುತ್ತದೆ. ಅದೂ ಬೇಡ ಅನ್ನುವವರಿಗೆ ಹೆಡ್‌ಸ್ಕೇಲ್ ಎಂಬ ಮುಕ್ತ ತಂತ್ರಾಂಶ ಇದೆ. ಆದರೆ ಅದನ್ನು ಇಡಲು ಹೊರಗೊಂದು ಸರ್ವರ್ ಬೇಕು, ಅಲ್ಲಿಗೆ ಹೊಸ ತಲೆನೋವು ಶುರು.

ಕೊರತೆಗಳೂ ಇವೆ. ಆಪ್ ಇಲ್ಲದ ಕಡೆ ಇದು ನಡೆಯುವುದಿಲ್ಲ. ಆಂಡ್ರಾಯ್ಡ್ ಟಿವಿಗೆ, ಆಪಲ್ ಟಿವಿಗೆ ಆಪ್ ಇದೆ, ಸಾಕಷ್ಟು ಬೇರೆ ಟಿವಿಗಳಿಗೆ ಇಲ್ಲ. ಆಂಡ್ರಾಯ್ಡ್ ಫೋನ್‌ನಲ್ಲಿ ಒಂದು ಸಲಕ್ಕೆ ಒಂದೇ ವಿಪಿಎನ್ ನಡೆಯುವುದರಿಂದ ಆಫೀಸಿನ ವಿಪಿಎನ್ ಆನ್ ಮಾಡಿದರೆ ಮನೆಯದು ಆಫ್. ಅತ್ತೆಯವರ ಫೋನ್‌ನಲ್ಲಿ ಆಪ್ ತಾನಾಗಿ ಆಫ್ ಆಗಿ, ಫೋಟೊ ಬರ್ತಿಲ್ಲ ಕಣಪ್ಪಾ ಅಂತ ಫೋನ್ ಬರುವುದೂ ಇದೆ. ಸಹಿಸಿಕೊಳ್ಳುವಂಥದ್ದೇ ಬಿಡಿ.

ಕ್ಲೌಡ್‌ಫ್ಲೇರ್ ಟನಲ್: ಎಲ್ಲರಿಗೂ ತೆರೆಯಬೇಕು, ಖರ್ಚು ಬೇಡ ಅನ್ನುವವರಿಗೆ

ಸರ್ವರ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಓಡುತ್ತದೆ. ಅದು ಒಳಗಿನಿಂದ ಕ್ಲೌಡ್‌ಫ್ಲೇರ್‌ಗೆ ಸಂಪರ್ಕ ಹಿಡಿದುಕೊಂಡು ಕೂರುತ್ತದೆ. ನಿಮ್ಮ ಡೊಮೇನ್‌ಗೆ, ಅಂದರೆ ನಿಮ್ಮ ವೆಬ್ ಹೆಸರಿಗೆ, ಬಂದವರನ್ನು ಅವರು ಅದೇ ಸಂಪರ್ಕದಲ್ಲಿ ಒಳಗೆ ಕಳಿಸುತ್ತಾರೆ. ಪೋರ್ಟ್ ತೆರೆಯುವ ಮಾತಿಲ್ಲ, ಸಿಜಿನ್ಯಾಟ್ ಅಡ್ಡಿಯಿಲ್ಲ, ಮನೆಯ ಐಪಿ ಬಂದವರಿಗೆ ಕಾಣುವುದಿಲ್ಲ. 2021ರಿಂದ ಇದು ಉಚಿತ. ಡೊಮೇನ್ ಮಾತ್ರ ನಿಮ್ಮದಿರಬೇಕು. ಡಾಟ್ ಇನ್ ಹೆಸರು ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ಮೊದಲ ವರ್ಷದ ಆಫರ್ ನೋಡಿ ಮರುಳಾಗಬೇಡಿ, ರಿನ್ಯೂವಲ್ ದರ ಕೇಳಿ.

ಇಷ್ಟು ಒಳ್ಳೆಯದಕ್ಕೆ ಬೆಲೆ ಏನು? ಬರುವ ಹೋಗುವ ಮಾಹಿತಿಯ ಬೀಗ ಕ್ಲೌಡ್‌ಫ್ಲೇರ್‌ನಲ್ಲೇ ತೆರೆದು ಮತ್ತೆ ಹಾಕಲಾಗುತ್ತದೆ. ಅಂದರೆ ಅವರು ಮನಸ್ಸು ಮಾಡಿದರೆ ನೋಡಬಹುದು. ಬ್ಲಾಗ್‌ಗೆ ಇದರಿಂದ ಏನೂ ನಷ್ಟವಿಲ್ಲ. ಮನೆಯವರ ಫೋಟೊ ಗೂಗಲ್‌ಗೆ ಬೇಡ ಅಂತ ಇಷ್ಟೆಲ್ಲ ಮಾಡಿ, ಮತ್ತೊಂದು ಅಮೆರಿಕನ್ ಕಂಪನಿಯ ಕೈಯಿಂದ ದಾಟಿಸುವುದು ನನಗೇಕೋ ಸರಿ ಕಾಣುವುದಿಲ್ಲ.

ಇನ್ನೊಂದು ಮಿತಿ ಬಳಸುವಾಗಲೇ ಗೊತ್ತಾಗುವುದು. ಉಚಿತ ಪ್ಲ್ಯಾನ್‌ನಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡದನ್ನು ಅಪ್‌ಲೋಡ್ ಮಾಡಲಾಗದು. ಫೋನ್‌ನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ ಸುಲಭವಾಗಿ ಆ ಗೆರೆ ದಾಟುತ್ತದೆ. ನೆಕ್ಸ್ಟ್‌ಕ್ಲೌಡ್ ಆಪ್ ದೊಡ್ಡ ಫೈಲನ್ನು ತುಂಡು ಮಾಡಿ ಕಳಿಸುವುದರಿಂದ ಬಚಾವ್. ಹಾಗೆ ತುಂಡು ಮಾಡದ ಆಪ್‌ಗಳಲ್ಲಿ ಫೋಟೊ ಎಲ್ಲ ಹೋಗಿ ವಿಡಿಯೊ ಮಾತ್ರ ಬಾಕಿ ಉಳಿಯುತ್ತವೆ. ಸಿನಿಮಾ ಹರಿಸಲು ಈ ದಾರಿ ಬಳಸುವುದೂ ಅವರ ನಿಯಮಗಳಿಗೆ ಒಗ್ಗುವುದಿಲ್ಲ. ಅವರ ಕಡೆ ಕೆಟ್ಟರೆ ನಿಮ್ಮದೂ ಕೆಟ್ಟಂತೆ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಕುಸಿದಾಗ ಎಕ್ಸ್, ಚಾಟ್‌ಜಿಪಿಟಿಯಂಥವೇ ನಿಂತಿದ್ದವು.

ಬಾಡಿಗೆಯ ಸಣ್ಣ ಸರ್ವರ್: ಸ್ವಲ್ಪ ಖರ್ಚು, ಪೂರ್ತಿ ಹಿಡಿತ

ಡೇಟಾ ಸೆಂಟರ್‌ನಲ್ಲಿ ಒಂದು ಚಿಕ್ಕ ವಿಪಿಎಸ್, ಅಂದರೆ ದೊಡ್ಡ ಯಂತ್ರದ ಒಂದು ಪಾಲಿನಲ್ಲಿ ಓಡುವ ಸರ್ವರ್, ಬಾಡಿಗೆಗೆ ಹಿಡಿಯಿರಿ. ಅದಕ್ಕೆ ಸ್ವಂತ ಐಪಿ ಬರುತ್ತದೆ. ಮನೆಯ ಸರ್ವರ್‌ನಿಂದ ಅದಕ್ಕೆ ವೈರ್‌ಗಾರ್ಡ್ ಸುರಂಗ ಹಾಕಿ, ಬಂದವರನ್ನು ಆ ಸುರಂಗದಲ್ಲಿ ಮನೆಗೆ ಕಳಿಸಿ. ಕ್ಲೌಡ್‌ಫ್ಲೇರ್ ಮಾಡುವ ಕೆಲಸವನ್ನೇ ನೀವು ನಿಮ್ಮ ಕೈಯಾರೆ ಮಾಡುತ್ತೀರಿ.

ಇದರಲ್ಲಿ ನನಗೆ ಇಷ್ಟವಾದ ಗುಣ ಒಂದಿದೆ. ವಿಪಿಎಸ್‌ನಲ್ಲಿ ಬೀಗ ತೆರೆಯದೆ, ಬಂದದ್ದನ್ನು ಹಾಗೇ ಮನೆಗೆ ದಾಟಿಸುವಂತೆ ಹೊಂದಿಸಬಹುದು. ಬೀಗ ತೆರೆಯಲು ಬೇಕಾದ ಸರ್ಟಿಫಿಕೇಟ್ ಮನೆಯಲ್ಲೇ ಇರುತ್ತದೆ, ನಡುವಿನ ಯಂತ್ರಕ್ಕೆ ಏನೂ ಓದಲಾಗದು. ಎಲ್ಲರಿಗೂ ತೆರೆದಿರಬೇಕು, ನಡುವೆ ಯಾರೂ ನೋಡಬಾರದು, 100 ಎಂಬಿ ಮಿತಿಯೂ ಬೇಡ ಅನ್ನುವವರಿಗೆ ಸಿಜಿನ್ಯಾಟ್ ಹಿಂದೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಖರ್ಚು ತಿಂಗಳಿಗೆ 4ರಿಂದ 6 ಡಾಲರ್, ಮೇಲೆ 18% ಜಿಎಸ್‌ಟಿ. ವರ್ಷಕ್ಕೆ 5ರಿಂದ 8 ಸಾವಿರ ರೂಪಾಯಿ ಹಿಡಿಯಿರಿ. ವಿಪಿಎಸ್ ಎಲ್ಲಿದೆ ಅನ್ನುವುದನ್ನು ನೋಡಿ ಆರಿಸಿ. ಡಿಜಿಟಲ್‌ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ, ಬೇರೆ ಕೆಲವರದು ಮುಂಬೈನಲ್ಲಿದೆ. ಜರ್ಮನಿಯಲ್ಲಿ ಅಗ್ಗ ಅಂತ ಅಲ್ಲಿ ತಗೊಂಡರೆ ಮೈಸೂರಿನ ಫೋನ್ ಮೈಸೂರಿನ ಸರ್ವರ್ ತಲುಪಲು ಯುರೋಪ್ ಸುತ್ತಿ ಬರಬೇಕಾಗುತ್ತದೆ. ಪುಟ ತೆರೆಯುವಾಗ ಆ ತಡ ಕಣ್ಣಿಗೆ ಬೀಳುತ್ತದೆ. ವಿಪಿಎಸ್ ಜೊತೆ ಬರುವ ಡೇಟಾ ಮಿತಿಯನ್ನೂ ಓದಿ. ಭಾರತದಲ್ಲಿ ವಿಪಿಎಸ್ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಆದೇಶಿಸಿದೆ. ಹಾಗಾಗಿ ನಿಮ್ಮ ಗುರುತಿನ ವಿವರ ಕೇಳಿದರೆ ಗಾಬರಿ ಬೇಡ.

ಕಷ್ಟ ಇರುವುದು ನಿರ್ವಹಣೆಯಲ್ಲಿ. ಈಗ ನೋಡಿಕೊಳ್ಳಬೇಕಾದ ಯಂತ್ರ ಎರಡು. ವಿಪಿಎಸ್ ಬಯಲಿನಲ್ಲೇ ನಿಂತಿರುತ್ತದೆ. ದೂರದಿಂದ ಅದರೊಳಗೆ ಹೋಗುವ ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ತೆಗೆದು ಕೀ (ಪಾಸ್‌ವರ್ಡ್ ಬದಲಿನ ಗುಪ್ತ ಫೈಲು) ಮಾತ್ರ ಇಡಿ. ಅಪ್‌ಡೇಟ್ ತಾನಾಗಿ ಆಗುವಂತೆ ಮಾಡಿ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಕಂಡರೆ ಆಗದವರು ಈ ದಾರಿಗೆ ಬರಬೇಡಿ.

ಸ್ಟ್ಯಾಟಿಕ್ ಐಪಿ, ಪೋರ್ಟ್ ಫಾರ್ವರ್ಡಿಂಗ್: ಹಳೆಯ ನೇರ ದಾರಿ

ಕಂಪನಿಗೆ ದುಡ್ಡು ಕೊಟ್ಟು ಸ್ವಂತ ವಿಳಾಸ ಪಡೆದು, ರೂಟರ್‌ನಲ್ಲಿ ವೆಬ್ ಪುಟಗಳು ಬಳಸುವ 80 ಮತ್ತು 443ನೇ ಪೋರ್ಟ್‌ಗಳನ್ನು ಸರ್ವರ್ ಕಡೆ ತಿರುಗಿಸುವುದು. ನಡುವೆ ಯಾರೂ ಇಲ್ಲ, ವೇಗ ಪೂರ್ತಿ ನಿಮ್ಮದು. ಸಿಜಿನ್ಯಾಟ್ ಇಲ್ಲದ ಲೈನ್ ಇದ್ದರೆ ದುಡ್ಡೂ ಬೇಡ. ಡಕ್‌ಡಿಎನ್‌ಎಸ್‌ನಂಥ ಉಚಿತ ಸೇವೆ ಬದಲಾಗುವ ಐಪಿಯನ್ನು ಹೆಸರಿಗೆ ಜೋಡಿಸುತ್ತಾ ಇರುತ್ತದೆ.

ಸ್ಟ್ಯಾಟಿಕ್ ಐಪಿ ದರ ಒಬ್ಬೊಬ್ಬರದು ಒಂದೊಂದು ಥರ. ಕೆಲವರು ಮನೆ ಪ್ಲ್ಯಾನ್‌ಗೇ ಸೇರಿಸಿ ಕೊಡುತ್ತಾರೆ, ಕೆಲವರು ಬಿಸಿನೆಸ್ ಪ್ಲ್ಯಾನ್‌ಗೆ ಬನ್ನಿ ಅಂತಾರೆ. ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ: ಹೊರಗಿನಿಂದ 80 ಮತ್ತು 443 ತೆರೆದಿರುತ್ತವೆಯೇ? ಮನೆ ಪ್ಲ್ಯಾನ್‌ನ ಷರತ್ತುಗಳು ಸರ್ವರ್ ಇಡಲು ಒಪ್ಪುತ್ತವೆಯೇ? 80 ಮುಚ್ಚಿದ್ದರೂ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯ ಉಚಿತ ಸರ್ಟಿಫಿಕೇಟನ್ನು ಡಿಎನ್‌ಎಸ್ (ಹೆಸರನ್ನು ಐಪಿಗೆ ಜೋಡಿಸುವ ದಾಖಲೆ) ಪರೀಕ್ಷೆಯ ಮೂಲಕ ಪಡೆಯಬಹುದು. 443 ಮುಚ್ಚಿದ್ದರೆ ವಿಳಾಸದ ಕೊನೆಗೆ ಪೋರ್ಟ್ ಸಂಖ್ಯೆ ಅಂಟಿಸಿಕೊಂಡು ಓಡಾಡಬೇಕು.

ಹೆದರಿಸಲು ಅಲ್ಲ, ಆದರೆ ಹೇಳದೆ ಇರಲಾರೆ. ಪೋರ್ಟ್ ತೆರೆದರೆ ಯಾರು ನನ್ನ ಮನೆ ಹುಡುಕಿಕೊಂಡು ಬರ್ತಾರೆ ಅನ್ನುವವರು ಬಹಳ. 2013ರಲ್ಲೇ ಜೀಮ್ಯಾಪ್ ಎಂಬ ಉಪಕರಣ ಇಡೀ ಐಪಿವಿ4 ಜಗತ್ತಿನ ಒಂದು ಪೋರ್ಟನ್ನು 45 ನಿಮಿಷದಲ್ಲಿ ತಟ್ಟಿ ನೋಡಬಲ್ಲದಾಗಿತ್ತು. ಅವರಿಗೆ ನಿಮ್ಮ ಹೆಸರು ಗೊತ್ತಿರಬೇಕಾಗಿಲ್ಲ. ನೀವು ಸರ್ಟಿಫಿಕೇಟ್ ಪಡೆದ ಪ್ರತಿ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಫೋಟೋಸ್ ಅಂತ ಸಬ್‌ಡೊಮೇನ್ ಮಾಡಿ ಯಾರಿಗೂ ಹೇಳಲಿಲ್ಲ ಅಂದರೆ ಅದು ಗುಟ್ಟಾಗುವುದಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್, ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ಸ್ಟೋರೇಜ್ ಡಬ್ಬಿಗಳಿಗೆ ನುಗ್ಗಿ ಜನರ ಫೈಲುಗಳಿಗೆ ಬೀಗ ಹಾಕಿತು. ಪೋರ್ಟ್ ತೆರೆಯುವವರು ತಪ್ಪದೆ ಅಪ್‌ಡೇಟ್ ಮಾಡಬೇಕು, ಬ್ಯಾಕಪ್‌ನ ಒಂದು ಪ್ರತಿಯನ್ನು ಆ ಯಂತ್ರಕ್ಕೆ ಕೈಗೆಟುಕದ ಕಡೆ ಇಡಬೇಕು. ಅಷ್ಟು ಶಿಸ್ತು ನಿಮಗಿದೆಯೇ ಅನ್ನುವುದನ್ನು ನೀವೇ ಹೇಳಬೇಕು.

ಐಪಿವಿ6: ಪುಕ್ಕಟೆ ಇದೆ, ಬಹಳ ಜನರಿಗೆ ಗೊತ್ತಿಲ್ಲ

ಐಪಿವಿ6 ಅಂದರೆ ಐಪಿವಿ4ರ ನಂತರ ಬಂದ, ವಿಳಾಸಗಳಿಗೆ ಕೊರತೆಯಿಲ್ಲದ ಹೊಸ ಪದ್ಧತಿ. ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಜಿಯೊ ಮೊದಲಿನಿಂದಲೂ ಅದನ್ನೇ ನೆಚ್ಚಿಕೊಂಡಿದ್ದು ದೊಡ್ಡ ಕಾರಣ. ಇದರಲ್ಲಿ ಮನೆಯ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುತ್ತದೆ, ಸಿಜಿನ್ಯಾಟ್ ಗೋಜೇ ಇಲ್ಲ. ನಿಮ್ಮ ಮೊಬೈಲ್ ಡೇಟಾದಲ್ಲೂ ಐಪಿವಿ6 ಇದ್ದರೆ ಫೋನ್‌ನಿಂದ ಮನೆಗೆ ನೇರ ದಾರಿ.

ತೊಡಕು ಮೂರು ಕಡೆ. ಕಂಪನಿ ಕೊಟ್ಟ ರೂಟರ್ ಹೊರಗಿನಿಂದ ಬರುವುದನ್ನು ತಡೆಯುತ್ತದೆ. ಆ ತಡೆ ತೆಗೆಯುವ ಸೆಟ್ಟಿಂಗ್ ಕೆಲವು ರೂಟರ್‌ಗಳಲ್ಲಿ ಇರುವುದೇ ಇಲ್ಲ. ವಿಳಾಸ ಆಗಾಗ ಬದಲಾಗುತ್ತದೆ, ಡಿಎನ್‌ಎಸ್ ಕೂಡ ಅದರ ಹಿಂದೆ ಓಡಬೇಕು. ಐಪಿವಿ4 ಮಾತ್ರ ಇರುವ ಆಫೀಸ್ ನೆಟ್‌ವರ್ಕ್‌ನಿಂದ ನಿಮ್ಮ ಪುಟ ತೆರೆಯುವುದಿಲ್ಲ. ಈ ಮೂರನೆಯದಕ್ಕೆ ಮದ್ದಿದೆ. ಕ್ಲೌಡ್‌ಫ್ಲೇರ್‌ನ ಪ್ರಾಕ್ಸಿಯನ್ನು (ಮಧ್ಯವರ್ತಿ ಸರ್ವರ್) ಮುಂದೆ ನಿಲ್ಲಿಸಿದರೆ ಐಪಿವಿ4 ಮಂದಿಗೂ ಸಿಗುತ್ತದೆ. ಆದರೆ ಅಷ್ಟಕ್ಕೇ ಬಂದರೆ ಟನಲ್ ಹಾಕುವುದೇ ಸುಲಭ, ಅಲ್ವಾ? ಅಪಾಯದ ವಿಷಯದಲ್ಲಿ ಇದೂ ತೆರೆದ ಪೋರ್ಟೇ. ಐಪಿವಿ6ನಲ್ಲಿ ಎಲ್ಲ ವಿಳಾಸಗಳನ್ನೂ ತಟ್ಟುತ್ತಾ ಹೋಗಲು ಯಾರಿಗೂ ಆಗದು ಅನ್ನುವುದೊಂದೇ ಸಮಾಧಾನ.

ಯಾರಿಗೆ ಯಾವುದು

ಅಪ್ಪ ಅಮ್ಮ ಧಾರವಾಡದಲ್ಲಿ, ಮಕ್ಕಳು ನ್ಯೂಜೆರ್ಸಿಯಲ್ಲಿ, ನಡುವೆ ಓಡಾಡಬೇಕಾದ್ದು ಮೊಮ್ಮಗುವಿನ ಫೋಟೊ. ಇದಕ್ಕೆ ಟೇಲ್‌ಸ್ಕೇಲ್. ಸರ್ವರನ್ನು ಧಾರವಾಡದಲ್ಲಿ ಇಡಬೇಡಿ, ಕೆಟ್ಟರೆ ಎದ್ದು ನೋಡಬಲ್ಲವರ ಮನೆಯಲ್ಲಿ ಇಡಿ. ಅಪ್ಪ ಅಮ್ಮನ ಫೋನ್‌ಗೆ ಆಪ್ ಹಾಕುವ ಕೆಲಸ ಮುಂದಿನ ಸಲ ಊರಿಗೆ ಬಂದಾಗ ಆಗಲಿ, ವಿಡಿಯೊ ಕಾಲ್‌ನಲ್ಲಿ ಹೇಳಿಕೊಡಲು ಹೋಗಿ ಇಬ್ಬರ ತಾಳ್ಮೆಯನ್ನೂ ಪರೀಕ್ಷಿಸಬೇಡಿ. ಸಿಸಿಟಿವಿಗೂ ಇದೇ ಉತ್ತರ. ಕ್ಯಾಮೆರಾವನ್ನು ಯಾವ ಕಾರಣಕ್ಕೂ ಬಯಲಿಗೆ ತೆರೆಯಬೇಡಿ.

ಕನ್ನಡದಲ್ಲಿ ಬ್ಲಾಗ್ ಬರೆಯಬೇಕು, ಕಲಿಯುವ ಆಸೆಯೂ ಇದೆ ಅನ್ನುವವರಿಗೆ ಟನಲ್. ಕಲಿಯುವ ಆಸೆ ಇಲ್ಲ, ಬರೆದರೆ ಸಾಕು ಅನ್ನುವವರು ಗಿಟ್‌ಹಬ್ ಪೇಜಸ್‌ನಂಥ ಉಚಿತ ಕಡೆ ಪುಟ ಇಟ್ಟು ಸುಮ್ನೆ ಬರೆಯುತ್ತಾ ಇರಿ.

ಗೆಳೆಯರಿಗೆ ದೊಡ್ಡ ವಿಡಿಯೊ ಹಂಚಬೇಕು, ಆಪ್ ಹಾಕಿಕೊಳ್ಳಿ ಅಂತ ಅವರನ್ನು ಕೇಳಲಾಗದು ಅಂದರೆ ವಿಪಿಎಸ್. ಲೈನ್‌ನಲ್ಲಿ ಸಿಜಿನ್ಯಾಟ್ ಇಲ್ಲದಿದ್ದರೆ, ಲಿನಕ್ಸ್ ಕೈಗೆ ಒಗ್ಗಿದ್ದರೆ ಪೋರ್ಟ್ ಫಾರ್ವರ್ಡಿಂಗ್. ಇವೆರಡರ ನಡುವೆ ತೂಗುವಾಗ ಸ್ಟ್ಯಾಟಿಕ್ ಐಪಿಗೆ ಕಂಪನಿ ಕೇಳುವ ವರ್ಷದ ದರವನ್ನು ವಿಪಿಎಸ್‌ನ 5 ಸಾವಿರದ ಪಕ್ಕ ಇಟ್ಟು ನೋಡಿ. ಮನೆ ಬದಲಿಸುವ, ಕಂಪನಿ ಬದಲಿಸುವ ಸಾಧ್ಯತೆ ಇದ್ದರೆ ವಿಪಿಎಸ್ ವಾಸಿ. ಅದರ ವಿಳಾಸ ನೀವು ಎಲ್ಲಿಗೆ ಹೋದರೂ ಅದೇ ಇರುತ್ತದೆ.

ಸಕಲೇಶಪುರದಲ್ಲೋ ಚಿಕ್ಕಮಗಳೂರಿನಲ್ಲೋ ಹೋಂಸ್ಟೇ ನಡೆಸುವವರು ಬುಕಿಂಗ್ ಪುಟವನ್ನು ಮನೆಯಿಂದ ನಡೆಸಲೇ ಅಂತ ಕೇಳಿದರೆ ನನ್ನ ಉತ್ತರ: ಬೇಡ. ವಿಪಿಎಸ್ ತಗೊಂಡು ಪುಟವನ್ನು ಅದರಲ್ಲೇ ಇಡಿ. ಮಳೆಗಾಲದ ಒಂದು ರಾತ್ರಿಯಲ್ಲಿ ಹೋಗುವ ಬುಕಿಂಗ್, ವರ್ಷದ ಬಾಡಿಗೆಗಿಂತ ದೊಡ್ಡದು.

ಎರಡು ದಾರಿ ಒಟ್ಟಿಗೆ ಇಟ್ಟುಕೊಳ್ಳಲೂ ಅಡ್ಡಿಯಿಲ್ಲ. ಬ್ಲಾಗ್ ಟನಲ್‌ನಲ್ಲಿ, ಫೋಟೊ ಮತ್ತು ಸರ್ವರ್‌ನ ಆಡಳಿತ ಟೇಲ್‌ಸ್ಕೇಲ್‌ನಲ್ಲಿ. ಈ ಜೋಡಿಗೆ ಡೊಮೇನ್ ಬಿಟ್ಟರೆ ಬೇರೆ ಖರ್ಚಿಲ್ಲ.

ಇಷ್ಟಾದ ಮೇಲೆ ಇಮೇಲ್ ಸರ್ವರನ್ನೂ ಮನೆಯಲ್ಲೇ ಇಡಬಹುದಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಬೇಡ. ಮನೆಯ ಲೈನ್‌ಗಳಲ್ಲಿ ಮೇಲ್ ಸಾಗುವ 25ನೇ ಪೋರ್ಟ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ತೆರೆದಿದ್ದರೂ ಮನೆಯ ಐಪಿಯಿಂದ ಬಂದ ಮೇಲ್ ನೇರ ಸ್ಪ್ಯಾಮ್‌ಗೆ ಹೋಗುತ್ತದೆ. ನಿಮ್ಮ ಡೊಮೇನ್‌ನ ಹೆಸರಿನಲ್ಲೇ ಮೇಲ್ ಬೇಕಿದ್ದರೆ ಆ ಕೆಲಸ ಮಾಡುವ ಕಂಪನಿಯ ಹತ್ತಿರ ಖಾತೆ ತೆಗೆದು, ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಅವರ ಕಡೆ ತಿರುಗಿಸಿ. ಮನೆಯ ಸರ್ವರ್‌ಗೆ ವೆಬ್ ಮಾತ್ರ ಬರಲಿ.